ಬಾಯೊಳಗಿನ ಐದು ಸ್ಟಾಪುಗಳು

ನನ್ನ ತಂಗಿಯ ಮಗಳಿಗೆ ಈಗ ನಾಲ್ಕೂವರೆ ವರ್ಷ. ಹಾಸನದ ಅವರ ಮನೆಯ ಗೋಡೆ ಮೇಲೆ ಎರಡು ಚಾರ್ಟ್ ಇವೆ. ಒಂದರಲ್ಲಿ ಎ ಫಾರ್ ಆ್ಯಪಲ್, ಇನ್ನೊಂದರಲ್ಲಿ ಅ ಅಗಸ, ಆ ಆನೆ. ನೆಂಟರು ಬಂದಾಗಲೆಲ್ಲ ಎರಡನ್ನೂ ಗಡಗಡ ಒಪ್ಪಿಸುತ್ತಾಳೆ. ಮೊನ್ನೆ ಹೋದಾಗ ನಾನು ಕೇಳಿದೆ, "ಪುಟ್ಟಿ, ಬಸ್ ಅಂತೀವಲ್ಲ, ಅದರಲ್ಲಿ ಮೊದಲು ಯಾವ ಸದ್ದು ಬರುತ್ತೆ?" ಅವಳು ಸ್ವಲ್ಪ ಯೋಚಿಸಿ, "ಹಾರನ್ನು" ಅಂದಳು.

ಅವಳು ಹೇಳಿದ್ದು ಸರಿಯೇ. ಬಸ್ ಅಂದರೆ ಅವಳಿಗೆ ಬಸ್ಸು. ಅದು ಒಂದು ಮಾತು, ಆ ಮಾತನ್ನು ಸದ್ದುಗಳಾಗಿ ಬಿಡಿಸಬಹುದು ಅಂತ ಅವಳಿಗೆ ಯಾರೂ ತೋರಿಸಿಲ್ಲ. 26 ಇಂಗ್ಲಿಷ್ ಹೆಸರು, 49 ಕನ್ನಡ ಅಕ್ಷರ ಬಾಯಿಗೆ ಬಂದಿವೆ. ಅವು ಯಾವುದಕ್ಕೆ ಅನ್ನುವುದು ಮಾತ್ರ ಗೊತ್ತಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಕ್ಷರ ಕಲಿಸುವುದು ಇಲ್ಲಿಗೇ ನಿಂತುಬಿಡುತ್ತದೆ. ನನಗೆ ಸಂಕಟ ಆಗುವುದು ಇದಕ್ಕೇ.

ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ‘ಎಚ್’ ಅನ್ನುವ ಹೆಸರಿನಲ್ಲಿ ಹಕಾರದ ಸದ್ದೇ ಇಲ್ಲ. ‘ಡಬ್ಲ್ಯೂ’ ಅಂದರೆ ವಕಾರ ಅಂತ ಯಾವ ಮಗು ಊಹಿಸೀತು? ಹೆಸರು ಮಾತ್ರ ಕಲಿತ ಮಗು ಸಿ, ಎ, ಟಿ ಸೇರಿಸಿ ಓದಿದರೆ ಸೀಏಟೀ ಆಗುತ್ತದೆ, ಕ್ಯಾಟ್ ಆಗುವುದಿಲ್ಲ. ಅದಕ್ಕೇ ಮೊದಲು ಸದ್ದು ಹೇಳಿಕೊಡಿ. ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಕನ್ನಡದಲ್ಲಿ ಈ ತೊಂದರೆ ಕಡಿಮೆ. ಕ ಅನ್ನುವುದೇ ಹೆಸರು, ಕ ಅನ್ನುವುದೇ ಸದ್ದು. ಇನ್ನೂ ದೊಡ್ಡ ಸೊಗಸು ಅಕ್ಷರಗಳನ್ನು ಜೋಡಿಸಿದ ರೀತಿಯಲ್ಲಿದೆ. ಚಿಕ್ಕಮಗಳೂರಿನಲ್ಲಿ ಬಸ್ ಹತ್ತಿ. ಬೇಲೂರು, ಹಾಸನ, ಚನ್ನರಾಯಪಟ್ಟಣ ದಾಟಿ ಬೆಂಗಳೂರು. ಕ, ಚ, ಟ, ತ, ಪ ಕೂಡ ಹೀಗೇ ಸಾಲಾಗಿ ಬರುವ ಐದು ಸ್ಟಾಪು. ಕ ಗಂಟಲ ಹತ್ತಿರ. ಚ ಅಂಗುಳದ ನಡುವೆ. ಟ ಅನ್ನುವಾಗ ನಾಲಿಗೆ ಮಡಚಿ ಮೇಲೆ ತಾಗುತ್ತದೆ. ತ ಹಲ್ಲಿಗೆ ಬಂತು. ಪ ತುಟಿ, ಅಲ್ಲಿಂದಾಚೆ ರಸ್ತೆಯಿಲ್ಲ. ಒಂದು ಸಲ ನಿಧಾನವಾಗಿ ಹೇಳಿನೋಡಿ. ಸದ್ದು ಹಿತ್ತಿಲಿಂದ ಹೊರಟು ನಡುಮನೆ ದಾಟಿ ಜಗಲಿಗೆ ಬಂದ ಹಾಗಾಗುತ್ತದೆ. ಹೀಗೆ ಬಾಯಿಯ ಜಾಗ ನೋಡಿ ಜೋಡಿಸಿದವರು ಎರಡು ಸಾವಿರ ವರ್ಷಕ್ಕೂ ಹಿಂದಿನ ವ್ಯಾಕರಣಕಾರರು. ಎಬಿಸಿಡಿಯ ಸಾಲಿನಲ್ಲಿ ಇಂಥ ಯಾವ ಲೆಕ್ಕವೂ ಇಲ್ಲ.

ಇನ್ನು ಒಂದೊಂದು ಸ್ಟಾಪಿನಲ್ಲೂ ಐದು ಬಗೆ. ಮೂಗು ಹಿಡಿದುಕೊಂಡು ಮ್ ಎಂದು ಎಳೆಯಿರಿ. ಸದ್ದು ಥಟ್ಟನೆ ನಿಲ್ಲುತ್ತದೆ. ಸಾಲಿನ ಕೊನೆಯವು ಮೂಗಿನ ಅಕ್ಷರಗಳು, ಅದಕ್ಕೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಪ, ಫ ಅನ್ನಿ. ಎರಡನೆಯದಕ್ಕೆ ಬಿಸಿ ಗಾಳಿ ಜಾಸ್ತಿ ಬಡಿಯುತ್ತದೆ. ಆ ಫ ನಮ್ಮ ‘ಫಲ’ದ್ದು, ‘ಫೋನ್’ನದಲ್ಲ. ಗಂಟಲ ಮೇಲೆ ಬೆರಳಿಟ್ಟು ಬ ಅನ್ನಲು ತುಟಿ ಮುಚ್ಚಿ. ತುಟಿ ಬಿಡುವ ಮೊದಲೇ ಒಳಗೆ ಗುಂಯ್ ಅನ್ನುತ್ತದೆ. ಪ ಅನ್ನುವಾಗ ಹಾಗಾಗುವುದಿಲ್ಲ. ಐದು ಜಾಗ, ಐದು ಬಗೆ, ಐದೈದಲಿ ಇಪ್ಪತ್ತೈದು. ಇದು ಅಕ್ಷರಗಳ ಮಗ್ಗಿ. ಪುಟ್ಟಿ ಅರ್ಧ ಗಂಟೆ ಮೂಗು ಹಿಡಿದುಕೊಂಡೇ ಓಡಾಡಿದಳು.

ಅವಳ ಅಜ್ಜಿಗೆ ಒಂದು ಕೊರಗು. ಮಗು ಹಾಲಿಗೆ ‘ಆಲು’ ಅನ್ನುತ್ತದೆ, ಹಳ್ಳಿ ಮಾತು ಬಂದುಬಿಟ್ಟಿದೆ, ನಾಲಿಗೆ ದಪ್ಪ ಇರಬೇಕು ಅಂತ. ಇದು ಶುದ್ಧ ತಪ್ಪು ಕಲ್ಪನೆ. ಹಾಸನವನ್ನೇ ‘ಆಸ್ನ’ ಅನ್ನುವ ಸಾವಿರಾರು ಜನ ನಮ್ಮಲ್ಲಿದ್ದಾರೆ. ಅವರ ನಾಲಿಗೆಗೆ ಏನೂ ಆಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರ ಶಾಸನ ಸಿಕ್ಕಿತಲ್ಲ, ಅದರಲ್ಲಿ ಆ ಊರಿನ ಹೆಸರು ಶುರುವಾಗುವುದು ಹಕಾರದಿಂದಲ್ಲ, ಪಕಾರದಿಂದ. ಪಲ್ಮಡಿ! ಹಳಗನ್ನಡದ ಪಾಲ್ ಆಮೇಲೆ ಹಾಲು ಆಯಿತು, ಪಳ್ಳಿ ಹಳ್ಳಿ ಆಯಿತು. ಮುಚ್ಚಿದ್ದ ತುಟಿ ಸಡಿಲವಾಗಿ ಬರೀ ಉಸಿರು ಉಳಿಯಿತು. ಈಗ ಕೆಲವರ ಬಾಯಲ್ಲಿ ಆ ಉಸಿರೂ ಹೋಗಿ ಆಲು ಆಗಿದೆ. ಮಗುವನ್ನು ಗದರಬೇಡಿ. ‘ನಾವು ಹೀಗಂತೀವಿ, ಬರೆಯೋವಾಗ ಹ ಹಾಕ್ತೀವಿ’ ಅಂದರೆ ಸಾಕು.

ಕನ್ನಡದಲ್ಲೂ ಒಂದು ತೊಡಕಿದೆ. ಕ ಒಳಗೆ ಅ ಅಡಗಿದೆ. ಕಿ ಬರೆಯುವಾಗ ಆ ಅ ಹೋಗಿ ಇ ಬರುತ್ತದೆ. ‘ಕಕ್ಕೆ ತಲಕಟ್ಟು ಕೊಟ್ರೆ ಕ, ಗುಡಿಸು ಕೊಟ್ರೆ ಕಿ’ ಎಂದು ಹಾಡಿಸುತ್ತೇವೆ. ಅದು ಮತ್ತೆ ಹೆಸರುಗಳ ಪಾಠವೇ. ಗುಡಿಸಿನ ಜೊತೆ ಇ ಸದ್ದನ್ನೂ ಎಳೆದು ತೋರಿಸಿ. ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಣಿತ, ಒತ್ತಕ್ಷರ ಎಲ್ಲ ಕೈವಶವಾಗಲು ಪ್ರೈಮರಿಯ ಹಲವು ವರ್ಷ ಬೇಕಾಗುತ್ತದೆ ಎಂದು ಅದು ತೋರಿಸಿತು. ಯುಕೆಜಿಯಲ್ಲೇ ಬರಲಿಲ್ಲ ಅಂತ ಮಗು ಮೇಲೆ ರೇಗುವ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ನೆನಪಿಡಬೇಕು.

ಬರವಣಿಗೆ ವಿಷಯಕ್ಕೆ ಬರೋಣ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ 2012ರಲ್ಲಿ, ಇನ್ನೂ ಓದು ಬಾರದ ಐದು ವರ್ಷದ ಮಕ್ಕಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳು ಅಕ್ಷರಗಳನ್ನು ಕೈಯಲ್ಲಿ ಬರೆದರು, ಗೆರೆ ಮೇಲೆ ತಿದ್ದಿದರು, ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಮಿದುಳಿನ ಸ್ಕ್ಯಾನ್. ಓದುವಾಗ ಎಚ್ಚರಗೊಳ್ಳುವ ಭಾಗಗಳು ಹೆಚ್ಚು ಕೆಲಸ ಮಾಡಿದ್ದು ತಾವೇ ಬರೆದ ಅಕ್ಷರ ಕಂಡಾಗ. ಮಗುವಿನ ಅಕ್ಷರ ಸೊಟ್ಟಗಿರುತ್ತದೆ, ಪ್ರತಿ ಸಲ ಬೇರೆ ಥರ ಬರುತ್ತದೆ. ಇಷ್ಟು ಸೊಟ್ಟ ಇದ್ದರೂ ಇದು ರ-ನೇ ಅಂತ ಮಿದುಳು ಕಲಿಯುವುದು ಅದರಿಂದಲೇ ಇರಬೇಕು ಅನ್ನುವುದು ಅವರ ವಿವರಣೆ.

ಶೃಂಗೇರಿಯಲ್ಲಿ ಶಾರದಾಂಬೆಯ ಮುಂದೆ ಅಕ್ಕಿ ಮೇಲೆ ಬೆರಳಿಂದ ಬರೆಸುತ್ತಾರಲ್ಲ, ಅದು ತುಂಬ ಒಳ್ಳೆಯ ಕೆಲಸ. ಆದರೆ ಬೆರಳಿಗೆ ಆ ತರಿತರಿ ದಿನವೂ ಸಿಗಬೇಕು. ಮುಹೂರ್ತದಲ್ಲಿ ಒಂದು ಸಲ ಬರೆಸಿದರೆ ವಿದ್ಯೆ ಹತ್ತುವುದಿಲ್ಲ, ಮುಹೂರ್ತ ತಪ್ಪಿದರೆ ಓಡಿಹೋಗುವುದೂ ಇಲ್ಲ. ಪೆನ್ಸಿಲ್ ಹಿಡಿಯಲು ಬೆರಳು ಗಟ್ಟಿಯಾಗಬೇಕಾ? ಚಳಿಗಾಲದಲ್ಲಿ ಅವರೆಕಾಳು ನೆನೆಹಾಕಿ ಹಿಸುಕಲು ಕೂರಿಸಿ. ಹೆಬ್ಬೆರಳು, ತೋರುಬೆರಳು ಎರಡಕ್ಕೂ ಅದಕ್ಕಿಂತ ಒಳ್ಳೆಯ ಕೆಲಸ ಬೇರೆ ಕಾಣೆ.

ಎಡಗೈಯಲ್ಲಿ ಬರೆಯುವ ಮಗುವಿಗೆ ಹೊಡೆದು ಬಲಗೈಗೆ ತಿರುಗಿಸುವುದನ್ನು ಈಗಲೂ ನೋಡುತ್ತೇನೆ. ‘ಎಡಗೈ ಅಪಶಕುನ’ ಅಂತೆ. ಹತ್ತರಲ್ಲಿ ಒಬ್ಬರು ಹುಟ್ಟಾ ಹಾಗೇ. ಬಿಟ್ಟುಬಿಡಿ. ಕನ್ನಡದ ಎ, ಅಂಕಿ 3 ಇವುಗಳನ್ನು ತಿರುಗಾಮುರುಗ ಬರೆದರೂ ಈ ವಯಸ್ಸಿಗೆ ಹೆದರಬೇಡಿ. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಆನೆ ಆನೆಯೇ ಅಂತ ಕಲಿತ ಕಣ್ಣು ಅದು. ಅಕ್ಷರದ ವಿಷಯದಲ್ಲಿ ಮಾತ್ರ ಹಾಗಲ್ಲ ಅಂತ ತಿಳಿಯಲು ಸಮಯ ಹಿಡಿಯುತ್ತದೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಮೊದಲು ಕಲಿಸುತ್ತಾರೆ. ಈ ಐದರಲ್ಲೇ ಅಗಸ, ಅರಸ, ದಸರ ಎಲ್ಲ ಆಗುತ್ತವೆ. ನಾನು ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ಪುಟ್ಟಿಗೆ ಇವನ್ನೇ ಹೇಳಿಕೊಟ್ಟೆ. ಮೂರನೇ ದಿನ ಅವಳು ‘ಸರ’ ಬರೆದಳು. ತಟ್ಟೆ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ತಲೆಯೆತ್ತಿ ಕೇಳಿದಳು: "ದೊಡ್ಡಮ್ಮ, ರ ಮೊದಲು ಹೇಳಿದ್ರೆ ರಸ ಆಗುತ್ತೆ ಅಲ್ವಾ?"