ಮರ ಆಮೇಲೆ ನೋಡಿ, ಮೊದಲು ಕಾಲಡಿ ನೋಡಿ

ಅಮೆರಿಕದ ಫಾರೆಸ್ಟ್ ಸರ್ವಿಸ್, ಅಂದ್ರೆ ಅಲ್ಲಿನ ಅರಣ್ಯ ಇಲಾಖೆಯಿಂದ ರಿಟೈರ್ ಆಗಿ ಇಷ್ಟು ವರ್ಷ ಆದ್ರೂ ಬೇಸಿಗೆ ಹತ್ರ ಬಂತು ಅಂದ್ರೆ ನನಗೆ ಎರಡು ಥರದ ಫೋನ್ ಶುರುವಾಗುತ್ತೆ. ಒಬ್ಬರು, ಸರ್ ನಮ್ಮ ಮನೆ ಹಿಂದಿನ ಸರ್ಕಾರಿ ಕಾಡಲ್ಲಿ ಮರ ಕಡಿಯೋಕೆ ಹೊರಟಿದಾರೆ ಹೇಗಾದ್ರೂ ನಿಲ್ಸಿ ಅಂತಾರೆ. ಇನ್ನೊಬ್ಬರು, ಹೆಂಗೂ ಸುಟ್ಟು ಹೋಗೋ ಕಾಡು, ಆ ದೊಡ್ಡ ಮರಗಳನ್ನೆಲ್ಲ ಕಡಿದು ಮಿಲ್ಲಿಗೆ ಸಾಗಿಸೋಕೆ ನಿಮ್ಮೋರಿಗೇನು ಕಷ್ಟ ಅಂತಾರೆ. ಇಬ್ಬರೂ ಒಬ್ಬರಿಗೊಬ್ಬರು ಶತ್ರುಗಳು ಅಂದ್ಕೊಂಡಿದಾರೆ, ಆದ್ರೆ ಇಬ್ಬರೂ ಮಾಡ್ತಿರೋ ತಪ್ಪು ಒಂದೇ. ತಲೆ ಎತ್ತಿ ಮರ ನೋಡ್ತಾರೆ, ಯಾರೂ ಬಗ್ಗಿ ನೆಲ ನೋಡಲ್ಲ.

ಸೌದೆ ಒಲೆ ಹಚ್ಚಿದೋರಿಗೆ ಇದು ಗೊತ್ತಿರಬೇಕು. ದಪ್ಪ ಕೊರಡಿಗೆ ಯಾರಾದ್ರೂ ಕಡ್ಡಿ ಗೀರಿ ಇಡ್ತಾರಾ? ಮೊದಲು ಪುಳ್ಳೆ, ಸಿಬರು, ಆಮೇಲೆ ಸೌದೆ. ಕಾಡಿನ ಬೆಂಕಿಯೂ ಹಾಗೇನೇ. ನಮ್ಮ ಕಸುಬಲ್ಲಿ ಬಿದ್ದ ಒಣ ಕಟ್ಟಿಗೆನ ಗಂಟೆ ಲೆಕ್ಕದಲ್ಲಿ ವಿಂಗಡಿಸ್ತೀವಿ. ಕಾಲಿಂಚಿಗಿಂತ ಸಣ್ಣ ಇರೋ ಹುಲ್ಲು, ಪೈನ್ ಮರದ ಸೂಜಿಎಲೆ, ಕಡ್ಡಿ ಇದೆಲ್ಲ ಒಂದು ಗಂಟೆ ಇಂಧನ, ಅಂದ್ರೆ ಹವೆ ಒಣಗಿದ್ರೆ ಗಂಟೆಯೊಳಗೆ ಅದೂ ಗರಿಗರಿ ಆಗುತ್ತೆ. ಒಂದಿಂಚಿನ ತನಕ 10 ಗಂಟೆ, ಮೂರಿಂಚಿನ ತನಕ 100 ಗಂಟೆ, ಅದಕ್ಕಿಂತ ದಪ್ಪ ದಿಮ್ಮಿ 1000 ಗಂಟೆ. ಬೆಂಕಿನ ಓಡಿಸೋದು ಆ ಮೊದಲ ಎರಡು ಜಾತಿ. ಅದು ಪೊದೆಗೆ ಹತ್ತಿ, ಪೊದೆಯಿಂದ ಮೊಣಕೈ ದಪ್ಪದ ಎಳೆ ಮರಗಳಿಗೆ ಹತ್ತಿ, ಅಲ್ಲಿಂದ ಏಣಿ ಹತ್ತಿದ ಹಾಗೆ ದೊಡ್ಡ ಮರದ ನೆತ್ತಿಗೆ ಹೋಗುತ್ತೆ. ನೆತ್ತಿಗೆ ಹೋದ್ಮೇಲೆ ವಿಮಾನ ತಂದ್ರೂ ಅಷ್ಟಕ್ಕಷ್ಟೆ. ಹಾಗಾಗಿ ತೆಗೀಬೇಕಾಗಿರೋದು ಆ ಏಣಿ. ದೊಡ್ಡ ಮರ ಕಡಿದ್ರೆ ನೆರಳು ಹೋಗುತ್ತೆ, ಗಾಳಿ ಒಳಗೆ ನುಗ್ಗುತ್ತೆ, ನೆಲ ಇನ್ನೂ ಬೇಗ ಒಣಗುತ್ತೆ, ಉಳಿಯೋದು ಬರೀ ಪುಳ್ಳೆ.

ಒಂದ್ಸಲ ಒಬ್ಬ ವಯಸ್ಸಾದ ಹೆಂಗಸು ಆಫೀಸಿಗೆ ಬಂದು ಕಣ್ಣಲ್ಲಿ ನೀರು ಹಾಕ್ಕೊಂಡು, ನಾನು ದಿನಾ ವಾಕಿಂಗ್ ಹೋಗೋ ದಾರಿಯ ಪಾಂಡೆರೋಸಾ ಪೈನ್‌ಗೆ ಬಣ್ಣ ಬಳಿದಿದೀರಿ, ಅದನ್ನ ಕಡಿಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬರುತ್ತೆ ಅಂತ ಕೇಳಿದ್ರು. ನಡೀರಿ ನೋಡೋಣ ಅಂತ ಜೊತೆಗೆ ಹೋದೆ. ಇಬ್ಬರು ಕೈ ಕೈ ಹಿಡ್ಕೊಂಡು ತಬ್ಬಿದ್ರೂ ಸಿಗದಷ್ಟು ದಪ್ಪ ಮರ, ಬಿಸಿಲಿಗೆ ಕಾದ ತೊಗಟೆ ವೆನಿಲಾ ಥರ ಘಮ್ಮಂತಿತ್ತು. ಬಳಿದಿದ್ದ ಬಣ್ಣ ಕಿತ್ತಳೆ. ಅಮ್ಮಾ, ಈ ಪ್ಲಾಟಲ್ಲಿ ಕಿತ್ತಳೆ ಅಂದ್ರೆ ಉಳಿಸೋ ಮರ, ನಾವು ಕಡಿಯೋದು ಇದರ ಕೆಳಗೆ ಒತ್ತೊತ್ತಾಗಿ ಎದ್ದಿರೋ ಆ ಎಳೆ ಫರ್ ಮರಗಳನ್ನ ಅಂದೆ. ಅವರು ನಂಬಲಿಲ್ಲ. ಬುಡದ ಹತ್ರ ಕೂತು ತರಗಿನೊಳಗೆ ಕೈ ಹಾಕಿ ಅಂದೆ, ಮಣಿಕಟ್ಟು ಮುಳುಗಿದ್ರೂ ಮಣ್ಣು ಸಿಗಲಿಲ್ಲ ಅವರಿಗೆ. ಮೇಲೆ ಗರಿಗರಿ, ಒಳಗೆ ಕೊಳೆತ ಹತ್ತಿ ಥರ. ಬುಡದ ಒಂದು ಪಕ್ಕ ತ್ರಿಕೋನಾಕಾರದ ಹಳೇ ಸುಟ್ಟ ಗಾಯ, ಅದರ ಅಂಚಲ್ಲಿ ಮಡಿಕೆ ಮಡಿಕೆಯಾಗಿ ಮಾಯ್ದ ಗುರುತು. ಒಂದೊಂದು ಮಡಿಕೆ ಒಂದೊಂದು ಬೆಂಕಿ, ಈ ಮರ ಅಷ್ಟೂ ಸಲ ಸುಟ್ಕೊಂಡು ಬದುಕಿದೆ ಅಂದಾಗ ಆಕೆ ಮಾತಾಡದೆ ಆ ಮಡಿಕೆಗಳ ಮೇಲೆ ಬೆರಳಾಡಿಸ್ತಾ ಕೂತ್ರು.

ಆ ಸಣ್ಣ ಬೆಂಕಿಗಳೆಲ್ಲ ಯಾಕೆ ನಿಂತು ಹೋದ್ವು ಅನ್ನೋದು ನಮ್ಮ ಇಲಾಖೆಯದೇ ಕಥೆ, ಮುಚ್ಚಿಡೋದೇನಿಲ್ಲ. 1910ರ ಆಗಸ್ಟಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟು, ಎಂಬತ್ತಕ್ಕೂ ಹೆಚ್ಚು ಜನ ಸತ್ರು. ಆಗಿನ್ನೂ ಫಾರೆಸ್ಟ್ ಸರ್ವಿಸ್ ಐದು ವರ್ಷದ ಕೂಸು, ಆ ಪೆಟ್ಟು ತಿಂದ ಮೇಲೆ ಬೆಂಕಿ ಅಂದ್ರೇನೇ ವೈರಿ ಅಂತ ತೀರ್ಮಾನ ಮಾಡ್ತು. 1935ರಲ್ಲಿ ಎಲ್ಲೇ ಬೆಂಕಿ ಕಂಡ್ರೂ ಮಾರನೇ ದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ ರೂಲ್ಸ್ ಬಂತು, ಅದನ್ನ ಕೈಬಿಟ್ಟಿದ್ದು 1978ರಲ್ಲಿ. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಬೇಕಂತಲೇ ಹಚ್ತಿದ್ದ ಸಣ್ಣ ಬೆಂಕಿಗಳನ್ನ ಅದಕ್ಕೂ ಮೊದಲೇ ಅಪರಾಧ ಅಂತ ಮಾಡಿ ಆಗಿತ್ತು. ನಾವು ಬೆಂಕಿ ಆರಿಸಿ ಆರಿಸಿ, ಸುಟ್ಟು ಹೋಗಬೇಕಾಗಿದ್ದ ತರಗೆಲ್ಲ ನೆಲದ ಮೇಲೆ ಜಮಾ ಆಯ್ತು, ಆಕೆಯ ಕೈ ಮುಳುಗಿದ್ದು ಅದರೊಳಗೆ.

ಇನ್ನೊಂದು ಮಾತು, ಇದನ್ನ ಎಷ್ಟು ಸಲ ಹೇಳಿದ್ರೂ ಜನ ಮರೀತಾರೆ. ಎಳೆ ಮರ ತೆಗೆದ್ರೆ ಅರ್ಧ ಕೆಲಸ ಆಯ್ತು ಅಷ್ಟೇ. ಕಡಿದ ರೆಂಬೆ ಕೊಂಬೆ ಅಲ್ಲೇ ಬಿದ್ದಿದ್ರೆ ಏಣಿನ ಕೆಳಗೆ ಮಲಗಿಸಿದ ಹಾಗೆ, ಒಣಗಿದ ಮೇಲೆ ಇನ್ನೂ ಜೋರಾಗಿ ಉರಿಯುತ್ತೆ. ಅದನ್ನ ಸುಡಬೇಕು, ಆಮೇಲೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಸುಡ್ತಾ ಇರಬೇಕು. 2021ರಲ್ಲಿ ಓರೆಗಾನ್ ರಾಜ್ಯದಲ್ಲಿ ಬೂಟ್‌ಲೆಗ್ ಅಂತ ಹೆಸರಿಟ್ಟ ಕಾಡ್ಗಿಚ್ಚು 4 ಲಕ್ಷ ಎಕರೆ ದಾಟಿತು. ಸೈಕನ್ ಮಾರ್ಶ್ ಅನ್ನೋ ಕಡೆ ಎಳೆ ಮರ ತೆಗೆದು ಆಮೇಲೆ ನೆಲವನ್ನೂ ಸುಟ್ಟಿದ್ದ ಜಾಗಕ್ಕೆ ಅದು ಬಂದಾಗ ಜ್ವಾಲೆ ನೆತ್ತಿಯಿಂದ ನೆಲಕ್ಕಿಳೀತು, ಬರೀ ಮರ ತೆಗೆದು ಸುಡೋದು ಬಾಕಿ ಇದ್ದ ಪಕ್ಕದ ಜಾಗದಲ್ಲಿ ಅದಕ್ಕಿಂತ ಹೆಚ್ಚು ಹಾನಿ ಆಯ್ತು.

ಹಾಗಂತ ಎಲ್ಲಾ ಕಾಡಿಗೂ ಇದೇ ಮದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ನನ್ನ ಹೆಸರಲ್ಲಿ ಹಾಗೆ ಹೇಳ್ಕೊಂಡು ತಿರುಗಬೇಡಿ. ಇದು ಒಣ ಪೈನ್ ಕಾಡಿನ ಮಾತು. ಕರಾವಳಿಯ ತೇವದ ಕಾಡು, ಎತ್ತರದ ಲಾಡ್ಜ್‌ಪೋಲ್ ಪೈನ್ ಕಾಡು ಇವುಗಳ ಲೆಕ್ಕ ಬೇರೆ. ಸುಡೋದರಲ್ಲಿ ಅಪಾಯ ಇಲ್ಲ ಅಂತಾನೂ ಹೇಳಲ್ಲ. 2022ರಲ್ಲಿ ನ್ಯೂಮೆಕ್ಸಿಕೋದಲ್ಲಿ ನಮ್ಮೋರೇ ಹಚ್ಚಿದ ಎರಡು ಬೆಂಕಿ ಕೈಮೀರಿ, ಒಂದಾಗಿ, 3 ಲಕ್ಷದ 40 ಸಾವಿರ ಎಕರೆ ಸುಡ್ತು, ನೂರಾರು ಮನೆ ಹೋದ್ವು. ಅದರಲ್ಲಿ ಒಂದಂತೂ ಜನವರಿಯಲ್ಲಿ ಸುಟ್ಟ ಕಟ್ಟಿಗೆ ರಾಶಿ, ಹಿಮದ ಅಡಿಯಲ್ಲೇ ತಿಂಗಳುಗಟ್ಟಲೆ ಕೆಂಡ ಹಿಡ್ಕೊಂಡು ಕೂತು ಏಪ್ರಿಲ್ ಗಾಳಿಗೆ ಎದ್ದಿದ್ದು. ಬೂದಿ ತಣ್ಣಗಿದೆ ಅಂತ ಕಣ್ಣಲ್ಲಿ ನೋಡಿ ಹೇಳಬಾರದು, ಗ್ಲವ್ಸ್ ಬಿಚ್ಚಿ ಕೈಯಿಂದ ಮುಟ್ಟಿ ಮುಟ್ಟಿ ನೋಡಬೇಕು ಅಂತ ನಾನು ಹೊಸ ಹುಡುಗರಿಗೆ ಗಂಟಲು ಹರಿಯೋ ಹಾಗೆ ಹೇಳ್ತಿದ್ದೆ.

ರಿಟೈರ್ ಆದೋರು ನಿಮಗ್ಯಾಕೆ ಈ ಉಸಾಬರಿ ಅಂತ ಕೇಳೋರಿದಾರೆ. ಫಾರೆಸ್ಟ್ ಸರ್ವಿಸ್‌ನಿಂದ ನಿವೃತ್ತರಾದವರದೇ ಒಂದು ರಾಷ್ಟ್ರೀಯ ಸಂಘ ಇದೆ, ಅಲ್ಲದೆ ನಮ್ಮಂಥೋರು ಒಬ್ಬೊಬ್ಬರಾಗಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ ಸದಸ್ಯರಿಗೆ ಕಾಗದ ಬರೀತಾನೇ ಇರ್ತೀವಿ. ಕೆಲಸದಲ್ಲಿರೋ ಹುಡುಗರಿಗೆ ಬಾಯಿ ಬಿಡೋಕೆ ಮಿತಿ ಇದೆ, ನಮಗಿಲ್ಲ. ಫಾರೆಸ್ಟ್ ಸರ್ವಿಸ್ ಬಜೆಟ್ಟಲ್ಲಿ ಬೆಂಕಿಯ ಪಾಲು 1995ರಲ್ಲಿ ನೂರಕ್ಕೆ 16 ಇದ್ದಿದ್ದು 2015ರ ಹೊತ್ತಿಗೆ ಅರ್ಧ ದಾಟಿತ್ತು, ಅಂದ್ರೆ ತರಗು ಗುಡಿಸೋ ದುಡ್ಡೆಲ್ಲ ಬೆಂಕಿ ಆರಿಸೋಕೆ ಹೋಯ್ತು. ದುಡ್ಡಿನ ಆ ವ್ಯವಸ್ಥೆ 2018ರ ಕಾನೂನಿನಿಂದ ಒಂದಿಷ್ಟು ಸರಿ ಆಗಿದೆ. ಜನ, ಹವೆ, ಪರವಾನಗಿ ಮೂರೂ ಒಂದೇ ದಿನ ಕೂಡಿ ಬರೋದು ಇವತ್ತಿಗೂ ಕಷ್ಟವೇ.

ಆ ಹೆಂಗಸು ಈಗಲೂ ಫೋನ್ ಮಾಡ್ತಾರೆ, ಮರದ ಬಗ್ಗೆ ಕೇಳೋದು ಬಿಟ್ಟಿದಾರೆ. ಹೋದ ವಾರ ಕೇಳಿದ್ದು, ಫರ್ ಕಡಿದು ಒಟ್ಟಿದ ರಾಶಿಗಳು ಎರಡನೇ ಚಳಿಗಾಲ ಮುಗಿದ್ರೂ ಹಾಗೇ ಇವೆ, ಮೇಲೆ ಹೊದಿಸಿದ ಕಾಗದ ಹರಿದು ಹಾರ್ತಿದೆ, ಯಾರಿಗೆ ಬರೀಲಿ? ನಾನು ಡಿಸ್ಟ್ರಿಕ್ಟ್ ರೇಂಜರ್ ಆಫೀಸಿನ ವಿಳಾಸ ಹೇಳಿದೆ, ಅವರು ನಿಧಾನ ಹೇಳಿ ಅಂತ ಪೆನ್ನು ಹುಡುಕಿ ಬರ್ಕೊಂಡ್ರು.