ಪಿಎಚ್‌ಡಿ ಕಲಿಕೆ ಶುರುವಾಗುವುದು ನೊಣದ ಸೀಸೆಯಲ್ಲಿ

‘ಇನ್ನೂ ಓದು ಮುಗಿದಿಲ್ವಾ?’ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರು ಊರಿಗೆ ಹೋದಾಗಲೆಲ್ಲ ಕೇಳಬೇಕಾದ ಮಾತಿದು. ಪ್ರಶ್ನೆಯೇ ತಪ್ಪು. ಪಿಎಚ್‌ಡಿ ಓದಲ್ಲ, ಕಸುಬು. ಕುಲುಮೆಯ ಪಕ್ಕ ಕೂತು ಕೈ ಸುಟ್ಟುಕೊಂಡೇ ಕಲಿಯುವಂಥದ್ದು.

ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಅನ್ನೇ ನೋಡಿ. ಪ್ರವೇಶ ಪರೀಕ್ಷೆ, ಸಂದರ್ಶನ ದಾಟಿ ಬಂದವರಿಗೆ ಕೋರ್ಸ್‌ಗಳ ಜೊತೆಗೆ ಲ್ಯಾಬ್ ರೊಟೇಶನ್ ಇರುತ್ತದೆ. ಒಂದೊಂದು ಲ್ಯಾಬಿನಲ್ಲಿ ಕೆಲಕಾಲ ದುಡಿದು, ಆಮೇಲೆ ಗೈಡ್ ಆರಿಸಿಕೊಳ್ಳುವುದು. ಮುಂದಿನ ಐದಾರು ವರ್ಷದ ನೆಮ್ಮದಿ ಈ ಆಯ್ಕೆಯ ಮೇಲೆ ನಿಂತಿದೆ. ಸಂಶೋಧನೆಯ ವಿಷಯ ಎಷ್ಟೇ ಚೆಂದವಿರಲಿ, ಆ ಲ್ಯಾಬಿನಲ್ಲಿ ಸೀನಿಯರ್‌ಗಳು ಹೊಸಬರಿಗೆ ಕೈ ಹಿಡಿದು ಕಲಿಸುತ್ತಾರೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು.

ಕೈ ಹಿಡಿದು ಕಲಿಸುವುದು ಏಕೆ ಬೇಕು? ಹಣ್ಣುನೊಣದ ಲ್ಯಾಬಿಗೆ ಬನ್ನಿ. ಈ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿ ಅವರೂ ನೊಣಗಳ ಬೆನ್ನು ಬಿದ್ದವರೇ. ಬಿಸಿ ತಾಗಿದೊಡನೆ ಮರಗಟ್ಟಿ ಬಿದ್ದು, ತಣ್ಣಗಾದರೆ ಮತ್ತೆ ಎದ್ದು ನಡೆಯುವ ನೊಣಗಳ ನರಗಳಲ್ಲಿ ಏನು ಕೆಟ್ಟಿದೆಯೆಂದು ಅಮೆರಿಕದ ವಿಜ್ಞಾನಿ ಸೆಮೂರ್ ಬೆಂಜರ್ ಜೊತೆಗೂಡಿ 1970ರ ದಶಕದಲ್ಲೇ ಹುಡುಕಿದ್ದರು.

ಇಲ್ಲಿ ಹೊಸಬರ ಮೊದಲ ಪಾಠ ‘ವರ್ಜಿನ್ ಕಲೆಕ್ಷನ್’. ಎರಡು ತಳಿಗಳನ್ನು ಕೂಡಿಸಬೇಕೆಂದರೆ ಹೆಣ್ಣು ನೊಣ ಇನ್ನೂ ಗಂಡಿನೊಡನೆ ಕೂಡಿರಬಾರದು. ಪ್ಯೂಪಾ ಕೋಶದಿಂದ (ಗೂಡಿನಿಂದ) ಹೊರಬಂದ ಹೆಣ್ಣು 25 ಡಿಗ್ರಿಯಲ್ಲಿ ಸುಮಾರು 8 ಗಂಟೆ ಕೂಡುವುದಿಲ್ಲ; 18 ಡಿಗ್ರಿಯಲ್ಲಿ ಆ ಅವಧಿ ಹೆಚ್ಚುಕಡಿಮೆ ಇಮ್ಮಡಿ. ಅದಕ್ಕೇ ಸಂಜೆ ಸೀಸೆಯ ನೊಣಗಳನ್ನೆಲ್ಲ ಖಾಲಿ ಮಾಡಿ, ಕೋಶಗಳಷ್ಟೇ ಉಳಿದ ಸೀಸೆಯನ್ನು ತಂಪಿನಲ್ಲಿಟ್ಟು, ಬೆಳಿಗ್ಗೆ ಬೇಗ ಬರುವುದು. ಇಂಗಾಲದ ಡೈಆಕ್ಸೈಡ್‌ನಿಂದ ಎಚ್ಚರ ತಪ್ಪಿಸಿ, ಮೈಕ್ರೋಸ್ಕೋಪಿನಡಿ ಬ್ರಷ್ಷಿನಿಂದ ಬೇರ್ಪಡಿಸುವುದು. ಎಳೆಯ ಹೆಣ್ಣಿನ ಮೈ ಪೇಲವ; ಹೊಟ್ಟೆಯ ಚರ್ಮದೊಳಗೊಂದು ಕಪ್ಪು ಚುಕ್ಕೆ ಕಾಣುತ್ತದೆ.

ಆಗಲೇ ಗಂಡಿನೊಡನೆ ಕೂಡಿದ ಒಂದೇ ಒಂದು ಹೆಣ್ಣು ನುಸುಳಿದರೂ ಕೆಟ್ಟಿತು. ಆಕೆ ವೀರ್ಯವನ್ನು ಒಡಲಲ್ಲೇ ಕೂಡಿಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತಾಳೆ. ತಾಯಿಯ ತಳಿಯಲ್ಲಿ ಸ್ವಿಚ್, ತಂದೆಯ ತಳಿಯಲ್ಲಿ ಬಲ್ಬ್ ಇದೆ ಎಂದುಕೊಳ್ಳಿ. ಮರಿಯಲ್ಲಿ ಎರಡೂ ಸೇರಿದರೆ ಮಾತ್ರ ಬೆಳಕು. ತಾಯಿ ಮೊದಲೇ ತನ್ನ ತಳಿಯ ಗಂಡಿನೊಡನೆ ಕೂಡಿದ್ದರೆ, ಬರೀ ಸ್ವಿಚ್ ಇರುವ ಮರಿಗಳೂ ಗುಂಪಿನಲ್ಲಿ ಬೆರೆಯುತ್ತವೆ. ಫಲಿತಾಂಶ ನೀರು ಬೆರೆಸಿದ ಹಾಲಿನಂತೆ ತೆಳುವಾಗುತ್ತದೆ. ಹತ್ತು ದಿನ ಕಾದದ್ದು ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ, ವ್ಯರ್ಥವಾದದ್ದು ಗೊತ್ತೇ ಆಗದಿರುವುದು.

ಹಾಗಾಗಿ ಬರೀ ಸ್ವಿಚ್ ಇರುವ ನೊಣ, ಬರೀ ಬಲ್ಬ್ ಇರುವ ನೊಣ ಎರಡನ್ನೂ ಪಕ್ಕದಲ್ಲೇ ಬೆಳೆಸಿ ಅಳೆಯಬೇಕು. ಇದೇ ಕಂಟ್ರೋಲ್. ಹೆಪ್ಪು ಹಾಕದ ಪಾತ್ರೆಯ ಹಾಲೂ ಗಟ್ಟಿಯಾದರೆ, ಇನ್ನೊಂದು ಪಾತ್ರೆಯದು ಹೆಪ್ಪಿನಿಂದಲೇ ಮೊಸರಾಯಿತೆಂದು ಹೇಳುವುದು ಹೇಗೆ? ಮದ್ದು, ಮಂತ್ರ, ತಾಯತದ ಬಗ್ಗೆ ಯಾರೂ ಕೇಳದ ಪ್ರಶ್ನೆಯೂ ಇದೇ: ತಾಯತ ಕಟ್ಟದವರಿಗೆ ಏನಾಯಿತು?

ಪಿಎಚ್‌ಡಿಯ ಮುಂದಿನ ಹಂತಗಳೆಲ್ಲ ಇದನ್ನೇ ಕೆದಕುತ್ತವೆ. ಕಾಂಪ್ರಿಹೆನ್ಸಿವ್ ಪರೀಕ್ಷೆಯಲ್ಲಿ ವಿದ್ಯಾರ್ಥಿ ತನ್ನ ಯೋಜನೆಯನ್ನು ಸಮರ್ಥಿಸಬೇಕು. ಆಮೇಲೆ ಥೀಸಿಸ್ ಸಮಿತಿ ಆಗಾಗ ಕೂತು ಪರಿಶೀಲಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ. ಪ್ರಬಂಧವನ್ನು ಗೈಡ್ ಅಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಯಾರಾದರೂ ಮೂರನೇ ಅಧ್ಯಾಯದ ಗ್ರಾಫ್ ತೋರಿಸಿ ‘ಇದರ ಕಂಟ್ರೋಲ್ ಎಲ್ಲಿ?’ ಎಂದರೆ, ಲ್ಯಾಬ್ ನೋಟ್‌ಬುಕ್ಕಿನಲ್ಲಿ ಆ ಸೀಸೆಯ ನಂಬರು, ತಾರೀಕು, ನೊಣ ಹಿಡಿದ ಹೊತ್ತು ಇರಬೇಕು.