ಬೇಸ್‌ಮೆಂಟಲ್ಲಿ ನೀರು, ಸಂಪ್ ಪಂಪ್ ಓಡ್ತಿಲ್ಲ: ಮೊದ್ಲು ಏನ್ ಮಾಡ್ಬೇಕು?

ಪ್ರಶ್ನೆ: ಹೋದ್ವರ್ಷ ಶಿಕಾಗೋ ಪಕ್ಕ ಮನೆ ತಗೊಂಡ್ವಿ. ನಿನ್ನೆ ರಾತ್ರಿ ಜೋರು ಮಳೆ, ಬೆಳಿಗ್ಗೆ ಇಳಿದು ನೋಡಿದ್ರೆ ಬೇಸ್‌ಮೆಂಟಲ್ಲಿ ಪಾದ ಮುಳುಗೋಷ್ಟು ನೀರು, ಸಂಪ್ ಪಂಪ್ ಸುಮ್ನೆ ಕೂತಿದೆ. ಸುಟ್ಟೋಗಿದ್ಯಾ, ಹೊಸದೇ ತರ್ಬೇಕಾ? ಜೂನಲ್ಲಿ ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಅವ್ರಿಗೆ ಅಂತ ಕೆಳಗಡೆನೇ ರೂಮ್ ರೆಡಿ ಮಾಡಿದ್ವಿ.

ಉತ್ತರ: ಪಂಪ್ ವಿಷ್ಯ ಆಮೇಲೆ, ಮೊದ್ಲು ಆ ನೀರಿಗೆ ಕಾಲಿಡ್ಬೇಡಿ. ಪಾದ ಮುಳುಗೋಷ್ಟು ಅಂದ್ರೆ ಗೋಡೆ ಕೆಳಗಿನ ಪ್ಲಗ್ ಪಾಯಿಂಟ್ ಹತ್ರಕ್ಕೆ ನೀರು ಬಂದಿರ್ಬಹುದು, ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಏನಾದ್ರೂ ಬಿದ್ದಿದ್ರೆ ಅದು ಆಗ್ಲೇ ಮುಳುಗಿದೆ. ಬೇಸ್‌ಮೆಂಟ್ ಕರೆಂಟ್ ಆಫ್ ಮಾಡಿ, ಆದ್ರೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಬ್ರೇಕರ್ ಪ್ಯಾನೆಲ್ ಇರೋದೇ ಬೇಸ್‌ಮೆಂಟಲ್ಲಿ, ಅದನ್ನ ಮುಟ್ಟೋಕೆ ನೀರಲ್ಲಿ ನಡ್ಕೊಂಡು ಹೋಗ್ಬೇಕು ಅಂದ್ರೆ ಹೋಗ್ಲೇಬೇಡಿ, ಕರೆಂಟ್ ಕಂಪ್ನಿಗೆ ಫೋನ್ ಮಾಡಿ ಹೊರಗಿಂದ ಕಟ್ ಮಾಡ್ಸಿ. ಇದನ್ನ ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. 2025ರ ಮೇ ತಿಂಗಳ ಮಳೇಲಿ ಬೆಂಗಳೂರಿನ ಬಿಟಿಎಂ ಲೇಔಟಲ್ಲಿ ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನ ಮೋಟ್ರು ಇಟ್ಟು ಹೊರಗೆ ಹಾಕೋಕೆ ಹೋಗಿ ಇಬ್ರು ಕರೆಂಟ್ ಹೊಡೆದು ತೀರ್ಕೊಂಡ್ರು, ಅದ್ರಲ್ಲಿ ಒಬ್ಬ 12 ವರ್ಷದ ಹುಡುಗ. ಊರು ಯಾವ್ದಾದ್ರೂ ನೀರು ಕರೆಂಟು ಸೇರಿದ್ರೆ ಆಗೋದು ಒಂದೇ.

ಆಮೇಲೆ ದೂರದಿಂದಾನೇ ನೋಡಿ, ನೀರು ಎಲ್ಲಿಂದ ಬರ್ತಿದೆ ಅಂತ. ಸಂಪ್ ಗುಂಡಿ, ಅಂದ್ರೆ ಆ ಪಂಪ್ ಕೂತಿರೋ ಗುಂಡಿ, ತುಂಬಿ ಉಕ್ತಿದ್ರೆ ಪಂಪಿನ ಸಮಸ್ಯೆ. ನೆಲದಲ್ಲಿರೋ ಡ್ರೈನ್ ಜಾಲರಿಯಿಂದ ಮೇಲೆ ಬರ್ತಿದ್ರೆ, ವಾಸ್ನೆನೂ ಇದ್ರೆ, ಅದು ಊರಿನ ಚರಂಡಿ ನೀರು ವಾಪಸ್ ಬರ್ತಿರೋದು, ಅದಕ್ಕೆ ಪಂಪ್ ಎಷ್ಟು ಬದ್ಲಾಯಿಸಿದ್ರೂ ಉಪ್ಯೋಗ ಇಲ್ಲ. ಬರಿಗೈ ಬರಿಗಾಲಲ್ಲಿ ಮುಟ್ಬೇಡಿ, ಮಕ್ಕಳನ್ನ ಹತ್ರ ಬಿಡ್ಬೇಡಿ, ಪ್ಲಂಬರ್‌ನ ಕರೀರಿ.

ಊರಿಂದ ಬಂದವ್ರಿಗೆ ಈ ಸಂಪ್ ಅನ್ನೋ ಹೆಸ್ರೇ ಗೊಂದಲ ಮಾಡತ್ತೆ. ಬೆಂಗಳೂರಲ್ಲಿ ಸಂಪ್ ಅಂದ್ರೆ ಕಾವೇರಿ ನೀರು ಕೂಡಿಡೋ ತೊಟ್ಟಿ, ಮೋಟ್ರು ಹಾಕಿ ಓವರ್‌ಹೆಡ್ ಟ್ಯಾಂಕಿಗೆ ಏರಿಸ್ತೀವಿ, ಅದ್ರಲ್ಲಿ ನೀರು ಖಾಲಿ ಆದ್ರೆ ಚಿಂತೆ. ಇಲ್ಲಿ ಪೂರ್ತಿ ಉಲ್ಟಾ, ಇದು ಬೇಡದ ನೀರು ಬಂದು ಸೇರೋ ಗುಂಡಿ, ತುಂಬಿದ್ರೆ ಚಿಂತೆ. ಪಾಯದ ಸುತ್ತ ತೂತಿರೋ ಪೈಪ್ ಹೂತಿರ್ತಾರೆ, ಮಳೆ ನೀರು, ಮಾರ್ಚ್ ಏಪ್ರಿಲಲ್ಲಿ ಕರಗಿದ ಹಿಮ ಎಲ್ಲ ಮಣ್ಣಲ್ಲಿ ಇಳಿದು ಆ ಪೈಪಿಂದ ಗುಂಡಿಗೆ ಬರತ್ತೆ. ನೀರು ಏರಿದಾಗ ಫ್ಲೋಟ್ ಅನ್ನೋ ತೇಲೋ ಬುರುಡೆ ಮೇಲೆದ್ದು ಸ್ವಿಚ್ ಆನ್ ಆಗಿ ಪಂಪು ಅದನ್ನ ಮನೆಯಿಂದ ದೂರ ಎಸೀಬೇಕು. ಇಷ್ಟೇ ಕೆಲ್ಸ, ಆದ್ರೆ ವರ್ಷದಲ್ಲಿ ಯಾವ ರಾತ್ರಿ ಅದು ಓಡ್ಲೇಬೇಕೋ ಅದೇ ರಾತ್ರಿ ಸಿಡಿಲು ಗಾಳಿಗೆ ಕರೆಂಟೂ ಹೋಗತ್ತೆ.

ಈಗ ನಿಮ್ಮ ಪ್ರಶ್ನೆ, ಪಂಪ್ ಸುಟ್ಟಿದ್ಯಾ. ನಾನ್ ನೋಡಿರೋ ಮಟ್ಟಿಗೆ ಪಂಪ್ ಹೋಯ್ತು ಅಂತ ಜನ ಹೇಳೋವಾಗ ತುಂಬಾ ಸಲ ಹೋಗಿರೋದು ಪಂಪಲ್ಲ, ಸ್ವಿಚ್ಚು. ನಮ್ಮನೇಲಿ ಹೀಗೇ ಆದಾಗ ಬಂದವ್ರು ಪೂರ್ತಿ ಸೆಟ್ ಬದ್ಲಾಯಿಸ್ಬೇಕು ಅಂದ್ರು, ನಾವೂ ಗಾಬ್ರೀಲಿ ಹೂಂ ಅಂದು ದುಡ್ಡು ಕೊಟ್ವಿ, ಆಮೇಲೆ ಹಳೇ ಪಂಪ್‌ನ ಗ್ಯಾರೇಜಲ್ಲಿ ಬಕೆಟ್ ನೀರಲ್ಲಿಟ್ಟು ನೇರವಾಗಿ ಪ್ಲಗ್ ಹಾಕಿದ್ರೆ ಚೆನ್ನಾಗೇ ಓಡ್ತು, ಫ್ಲೋಟಿನ ವೈರ್ ಪೈಪಿಗೆ ಸುತ್ಕೊಂಡು ಮೇಲೇಳೋಕಾಗ್ದೆ ಸಿಕ್ಕಾಕೊಂಡಿತ್ತು ಅಷ್ಟೇ. ಅದಕ್ಕೇ ಈ ಪರೀಕ್ಷೆ ನೀವೇ ಮಾಡ್ಕೊಳಿ, ನೆಲ ಒಣಗಿ, ಪ್ಲಗ್ ಪಾಯಿಂಟ್ ನೆಂದಿಲ್ಲ ಅಂತ ಖಾತ್ರಿ ಆದ್ಮೇಲೆ, ಕೈ ಒಣಗಿಸ್ಕೊಂಡು. ಪಾಯಿಂಟಲ್ಲಿ ರೀಸೆಟ್ ಬಟನ್ ಇದ್ರೆ ಅದು ಟ್ರಿಪ್ ಆಗಿದ್ಯಾ ನೋಡಿ, ಬ್ರೇಕರ್ ನೋಡಿ. ಎಷ್ಟೋ ಪಂಪಲ್ಲಿ ಗೋಡೆ ಹತ್ರ ಎರಡು ಪ್ಲಗ್ ಒಂದರ ಬೆನ್ನಿಗೆ ಒಂದು ಇರತ್ತೆ, ಗೋಡೆ ಕಡೆದು ಫ್ಲೋಟ್ ಸ್ವಿಚ್ಚಿಂದು, ಅದರ ಬೆನ್ನಿಗೆ ಚುಚ್ಚಿರೋದು ಪಂಪಿಂದು. ಪಂಪಿನ ಪ್ಲಗ್ ಬಿಡಿಸಿ ನೇರ ಗೋಡೆಗೆ ಹಾಕಿ. ಓಡಿದ್ರೆ ಪಂಪ್ ಸರಿಯಿದೆ, ಸ್ವಿಚ್ ಮಾತ್ರ ತಂದ್ರೆ ಸಾಕು. ಆದ್ರೆ ಹಾಗೇ ಬಿಟ್ಟು ಮಲಗ್ಬೇಡಿ, ಗುಂಡಿ ಖಾಲಿಯಾದ್ಮೇಲೂ ಓಡ್ತಾ ಇದ್ರೆ ನಮ್ಮೂರಿನ ಬೋರ್‌ವೆಲ್ ಮೋಟ್ರು ಡ್ರೈ ರನ್ ಆಗಿ ಸುಟ್ಟಂಗೆ ಇದೂ ಸುಡತ್ತೆ.

ಗುಂಯ್ ಅನ್ನತ್ತೆ ಆದ್ರೆ ನೀರು ಎತ್ತಲ್ಲ ಅಂದ್ರೆ ಕಥೆ ಬೇರೆ. ಒಳಗೆ ನೀರು ತಳ್ಳೋ ಚಕ್ರಕ್ಕೆ (ಇಂಪೆಲ್ಲರ್) ಕಲ್ಲು ಸಿಕ್ಕಿರ್ಬಹುದು, ಇಲ್ಲಾ ಒಳಗೆ ಗಾಳಿ ಸಿಕ್ಕಾಕೊಂಡು ಏರ್‌ಲಾಕ್ ಆಗಿರ್ಬಹುದು, ಅದಕ್ಕೇ ಪಂಪಿಗೂ ಚೆಕ್ ವಾಲ್ವಿಗೂ ಮಧ್ಯದ ಪೈಪಲ್ಲಿ 3/16 ಇಂಚಿನ ಸಣ್ಣ ತೂತು ಇರ್ಬೇಕು ಅನ್ನೋದು, ಆ ತೂತಿಂದ ನೀರು ಚಿಮ್ಮತ್ತೆ ಅಂತ ಯಾರೋ ಟೇಪ್ ಸುತ್ತಿರ್ತಾರೆ, ತೆಗೀರಿ. ಚೆಕ್ ವಾಲ್ವ್ ಅಂದ್ರೆ ನಮ್ಮ ಬಾವಿ ಮೋಟ್ರಿನ ಫುಟ್‌ವಾಲ್ವ್ ಥರಾನೇ, ಮೇಲೆ ಹೋದ ನೀರು ವಾಪಸ್ ಬರ್ದಂಗೆ ತಡಿಯೋದು, ಅದು ಕೆಟ್ರೆ ಪೈಪಲ್ಲಿರೋ ನೀರೆಲ್ಲ ಮತ್ತೆ ಗುಂಡಿಗೇ ಬಿದ್ದು ಪಂಪು ನಿಮಿಷಕ್ಕೊಂದ್ಸಲ ಆನ್ ಆಫ್ ಆಗಿ ಸುಸ್ತಾಗತ್ತೆ. ಜನವರಿ ಫೆಬ್ರವರಿಲಾದ್ರೆ ಹೊರಗಿನ ಪೈಪಲ್ಲಿ ಐಸ್ ಕಟ್ಟಿರೋ ಸಾಧ್ಯತೆನೇ ಜಾಸ್ತಿ. ಏನೂ ಸದ್ದೇ ಇಲ್ಲ, ಪಂಪಿಗೆ ಹತ್ತು ವರ್ಷ ಹತ್ರ ಆಗಿದೆ ಅಂದ್ರೆ ಮಾತ್ರ ಹೊಸದು ತನ್ನಿ, ಆಗ್ಲೂ ದೊಡ್ಡದಾದಷ್ಟು ಒಳ್ಳೇದು ಅಂತ ಹೋಗ್ಬೇಡಿ, ಸಾಮಾನ್ಯ ಮನೆಗೆ 1/3 ಇಲ್ಲಾ 1/2 ಎಚ್‌ಪಿ ಸಾಕು.

ಅಲ್ಲಿವರೆಗೆ ಗುಂಡಿ ಹಿಡಿತದಲ್ಲಿರ್ಬೇಕಲ್ಲ. 18 ಇಂಚ್ ಅಗಲ 24 ಇಂಚ್ ಆಳದ ಗುಂಡಿ ಅಂದ್ರೆ ಸುಮಾರು 100 ಲೀಟರ್, ಏಳೆಂಟು ಬಿಂದಿಗೆ ನೀರು, ಕರೆಂಟ್ ಇಲ್ದಿದ್ರೂ ಇಬ್ರು ಸೇರಿದ್ರೆ ಬಕೆಟಲ್ಲಿ ಮೊಗೀಬಹುದು. ಗಾರ್ಡನ್ ಹೋಸ್ ಹಾಕೋ ಸಣ್ಣ ಯುಟಿಲಿಟಿ ಪಂಪ್ ಒಂದು ಮನೇಲಿಟ್ಕೊಂಡ್ರೆ ಇನ್ನೂ ಒಳ್ಳೇದು. ಮೊಗೆದ ನೀರನ್ನ ಲಾಂಡ್ರಿ ಸಿಂಕಿಗೆ ಸುರೀಬೇಡಿ, ಅದು ಒಳಚರಂಡಿಗೆ ಹೋಗತ್ತೆ, ಎಷ್ಟೋ ಊರಲ್ಲಿ ಅದು ಕಾನೂನು ಪ್ರಕಾರ ತಪ್ಪು, ಹೊರಗೆ ಇಳಿಜಾರು ಕಡೆ ಹಾಕಿ, ಗೋಡೆ ಪಕ್ಕ ಹಾಕಿದ್ರೆ ಅದೇ ನೀರು ಮತ್ತೆ ಒಳಗೆ ಬರತ್ತೆ. ಒಂದ್ವೇಳೆ ಸೊಂಟದವರೆಗೆ ನೀರು ನಿಂತಿದ್ರೆ ಮಾತ್ರ ಅವಸ್ರ ಪಡ್ಬೇಡಿ, ಹೊರಗೆ ಮಣ್ಣು ನೆಂದು ಗೋಡೆನ ಒತ್ತುತಿರತ್ತೆ, ಒಳಗಿನ ನೀರು ಒಂದೇ ಸಲ ಖಾಲಿ ಮಾಡಿದ್ರೆ ಗೋಡೆ ಕುಸೀಬಹುದು, ದಿನಕ್ಕೆ ಒಂದಡಿಯಂಗೆ ಇಳಿಸ್ತಾ ಬನ್ನಿ.

ಜನರೇಟರ್ ತಂದ್ರೆ ಬೇಸ್‌ಮೆಂಟಲ್ಲಾಗ್ಲಿ ಗ್ಯಾರೇಜಲ್ಲಾಗ್ಲಿ ಇಡ್ಲೇಬೇಡಿ, ಅದರ ಹೊಗೇಲಿರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸ್ನೆನೂ ಇಲ್ಲ ಬಣ್ಣನೂ ಇಲ್ಲ.

ನೀರು ಹೋದ್ಮೇಲೆ ನಿಮ್ಗಿರೋದು 24ರಿಂದ 48 ಗಂಟೆ, ಅಷ್ಟರೊಳಗೆ ಒಣಗಿಸ್ಲಿಲ್ಲ ಅಂದ್ರೆ ಬೂಷ್ಟು ಹಿಡಿಯತ್ತೆ. ಕಾರ್ಪೆಟ್ ಕೆಳಗಿನ ಪ್ಯಾಡ್ ಕಿತ್ತು ಎಸೀರಿ, ಫ್ಯಾನು, ಗಾಳೀಲಿರೋ ತೇವ ಎಳೆಯೋ ಡಿಹ್ಯುಮಿಡಿಫೈಯರ್ ಹಾಕಿ, ಎಸಿಯೋ ಮುಂಚೆ ಎಲ್ಲದ್ರದ್ದೂ ಫೋಟೋ ತಗೊಳಿ. ಇನ್ಶೂರೆನ್ಸ್ ಬಗ್ಗೆ ಬೇಜಾರಿನ ವಿಷ್ಯ ಏನಂದ್ರೆ, ಮಾಮೂಲಿ ಹೋಂ ಪಾಲಿಸಿಲಿ ಸಂಪ್ ಉಕ್ಕಿದ್ದು ಸಾಮಾನ್ಯವಾಗಿ ಕವರ್ ಆಗಲ್ಲ, ವಾಟರ್ ಬ್ಯಾಕಪ್ ಅಂತ ಬೇರೆ ಸೇರ್ಸಿರ್ಬೇಕು. ಹೊಸ ಮನೆ ಗಡಿಬಿಡೀಲಿ ತುಂಬಾ ಜನ ಬಿಟ್ಟಿರ್ತಾರೆ, ನಿಮ್ಮ ಪಾಲಿಸಿ ಇವತ್ತೇ ತೆಗ್ದು ನೋಡಿ.

ಮುಂದಕ್ಕೆ ಮಾಡ್ಬೇಕಾದ್ದು ಬ್ಯಾಟರಿ ಬ್ಯಾಕಪ್ ಪಂಪ್, ಊರಲ್ಲಿ ಯುಪಿಎಸ್ ಇಟ್ಟಂಗೆ, ಗುಂಡೀಲಿ ಎರಡನೇ ಪಂಪ್ ಒಂದು 12 ವೋಲ್ಟ್ ಡೀಪ್ ಸೈಕಲ್ ಬ್ಯಾಟರಿ ಮೇಲೆ ಓಡತ್ತೆ, ಆದ್ರೆ ಬ್ಯಾಟರಿನ ಮೂರರಿಂದ ಐದು ವರ್ಷಕ್ಕೆ ಬದ್ಲಾಯಿಸ್ಬೇಕು. ಹಿಮ ಕರಗೋ ಮುಂಚೆ ಒಂದ್ಸಲ, ಆಮೇಲೆ ಮೂರ್ ತಿಂಗಳಿಗೊಂದ್ಸಲ ಗುಂಡಿಗೆ ಬಕೆಟ್ ನೀರು ಸುರಿದು ಫ್ಲೋಟ್ ಏಳತ್ತಾ, ಪಂಪ್ ತಾನಾಗೇ ಆನ್ ಆಗಿ ತಾನಾಗೇ ನಿಲ್ಲತ್ತಾ ನೋಡಿ. ಮದ್ವೆ ಸೀರೆ, ಅಜ್ಜಿ ಫೋಟೋ, ಸರ್ಟಿಫಿಕೇಟ್ ಇರೋ ಸೂಟ್‌ಕೇಸ್‌ನ ನೆಲದ ಮೇಲೆ ಇಡ್ಬೇಡಿ ದಯವಿಟ್ಟು, ನಮ್ಮದೊಂದು ಆಲ್ಬಂ ಹಾಗೇ ಹೋಯ್ತು, ಪಂಪ್ ಸಿಗತ್ತೆ ಅದು ಸಿಗಲ್ಲ.

ಅಪ್ಪ ಅಮ್ಮನ ರೂಮ್ ವಿಷ್ಯ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ ತೀರ್ಕೊಂಡ 13 ಜನರಲ್ಲಿ 11 ಜನ ಬೇಸ್‌ಮೆಂಟಲ್ಲಿ ಇದ್ದವ್ರು. ನಿಮ್ಮ ಕೆಳಗಿನ ರೂಮಿಗೆ ಒಬ್ಬ ಮನುಷ್ಯ ಹತ್ತಿ ಆಚೆ ಹೋಗೋಷ್ಟು ದೊಡ್ಡ ಕಿಟಕಿ ಇದ್ಯಾ ಮೊದ್ಲು ನೋಡಿ, ಇದ್ರೂ ಮಂಡಿನೋವಿರೋ ಅಮ್ಮ ಅದನ್ನ ಹತ್ತೋಕಾಗತ್ತಾ ಅಂತಾನೂ ಯೋಚ್ನೆ ಮಾಡಿ. ನೆಲಕ್ಕೆ ಇಡೋ ವಾಟರ್ ಅಲಾರ್ಮ್ ತುಂಬಾ ಕಮ್ಮಿ ದುಡ್ಡಿಗೆ ಸಿಗತ್ತೆ, ಒಂದು ಸಂಪ್ ಪಕ್ಕ ಒಂದು ಅವ್ರ ಮಂಚದ ಕೆಳಗೆ ಇಡಿ. ಹಗಲಲ್ಲಿ ಅಲ್ಲಿ ಕೂತು ಟಿವಿ ನೋಡ್ಲಿ, ಜೋರು ಮಳೆ ಅಂತ ಫೋನಲ್ಲಿ ವಾರ್ನಿಂಗ್ ಬಂದ ರಾತ್ರಿ ಮಾತ್ರ ಅವ್ರ ಹಾಸಿಗೆನ ಮೇಲ್ಗಡೆ ಹಾಲ್ ರೂಮಲ್ಲೇ ಹಾಕಿ.